ಘಾಟಿ ನೋಡಬೇಕಾ? ಬಸ್ಸಿನಲ್ಲಿ ಹತ್ತಿ, ರೈಲಿನಲ್ಲಿ ಇಳಿಯಿರಿ

ಪ್ರಶ್ನೆ: ನಾವು ಮಂಗಳೂರಿನ ಕದ್ರಿ ಕಡೆಯವರು. ಸುಬ್ರಹ್ಮಣ್ಯ–ಸಕಲೇಶಪುರ ಘಾಟಿಯ ರೈಲಿನ ಬಗ್ಗೆ ಎಲ್ಲರೂ ಹೇಳುವುದನ್ನು ಕೇಳಿದ್ದೇ ಬಂತು, ಇನ್ನೂ ಹೋಗಿಲ್ಲ. ಮಗಳು ಆರನೇ ಕ್ಲಾಸು, ಮಗ ಎರಡನೇ ಕ್ಲಾಸು. ಜೊತೆಗೆ 68 ವರ್ಷದ ಅಮ್ಮ ಇದ್ದಾರೆ. ಬೆಳಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರಬೇಕು. ಗಾಜಿನ ಬೋಗಿಗೇ ಟಿಕೆಟ್ ಮಾಡಬೇಕಾ? ಯಾವ ತಿಂಗಳು ಒಳ್ಳೆಯದು, ಯಾವ ಪಕ್ಕ ಕೂರಬೇಕು? ಮಳೆಯಲ್ಲಿ ಹೋದರೆ ಚೆಂದ ಅಂತಾರೆ, ಭಯ ಇಲ್ಲವಾ?

ಉತ್ತರ: ಒಂದೇ ದಿನದಲ್ಲಿ ಆಗುತ್ತದೆ. ಆದರೆ ಹೋಗುವುದೂ ಬರುವುದೂ ರೈಲಿನಲ್ಲೇ ಎಂದು ಹೊರಟರೆ ಆಗುವುದಿಲ್ಲ. ಮಂಗಳೂರಿನವರಿಗೆ ನಾನು ಹೇಳುವುದು ಒಂದೇ: ಬೆಳಗ್ಗೆ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಹೋಗಿ. ಮಧ್ಯಾಹ್ನ ಅಲ್ಲಿಂದ ಹಗಲು ರೈಲು ಹಿಡಿದು ಇಳಿದು ಬನ್ನಿ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಅದರಲ್ಲೇ ದಿನ ಹಾಳಾಗುವುದು.

ಯಾಕೆ ಅಂತ ಹೇಳುತ್ತೇನೆ. ಮಂಗಳೂರು ಜಂಕ್ಷನ್‌ನಿಂದ ಯಶವಂತಪುರಕ್ಕೆ ಹೋಗುವ ಹಗಲು ರೈಲು ಸಾಮಾನ್ಯವಾಗಿ ಹೊತ್ತೇರಿದ ಮೇಲೆ ಹೊರಡುತ್ತದೆ. ಘಾಟಿ ಹತ್ತಿ ಸಕಲೇಶಪುರ ಮುಟ್ಟುವಾಗ ಸಂಜೆ ಹತ್ತಿರ. ಅತ್ತ ಯಶವಂತಪುರದಿಂದ ಬೆಳಗ್ಗೆ ಏಳಕ್ಕೆ ಹೊರಟ ರೈಲು ಅಷ್ಟು ಹೊತ್ತಿಗೆ ಕೆಳಗೆ ಇಳಿದಾಗಿರುತ್ತದೆ. ಎರಡೂ ರೈಲು ಘಾಟಿ ಸೇರುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹಾಗಾಗಿ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರಲು ಬರುವುದಿಲ್ಲ. ಸಕಲೇಶಪುರದಲ್ಲಿ ಇಳಿದು ಕತ್ತಲಲ್ಲಿ ಬಸ್ಸು ಹಿಡಿದು ಶಿರಾಡಿ ಇಳಿಯಬೇಕು. ದಣಿದ ಮಕ್ಕಳು, ತಿರುವಿಗೆ ವಾಂತಿ, ಲಾರಿಗಳ ಸಾಲು. ಅಮ್ಮನಿಗೆ ಅದು ಬೇಡ.

ಬಸ್ಸು ಮೊದಲು ಆದರೆ ಇದೆಲ್ಲ ತಲೆಕೆಳಗು. ಬಿಜೈ ಬಸ್ ನಿಲ್ದಾಣದಿಂದ ಬೆಳಗ್ಗೆ ಆರರ ಸುಮಾರಿಗೆ ಹಾಸನ, ಬೆಂಗಳೂರು ಕಡೆಯ ಬಸ್ಸು ಹಿಡಿಯಿರಿ. ಶಿರಾಡಿ ಮೇಲೆ ಹೋಗುತ್ತದಾ ಎಂದು ಕಂಡಕ್ಟರನ್ನು ಒಮ್ಮೆ ಕೇಳಿಕೊಳ್ಳಿ. ಸಕಲೇಶಪುರಕ್ಕೆ ಸುಮಾರು 130 ಕಿಲೋಮೀಟರ್. ಮೂರೂವರೆ ಗಂಟೆ, ರಸ್ತೆ ಕೆಲಸ ಇದ್ದರೆ ನಾಲ್ಕು ಎಂದು ಹಿಡಿಯಿರಿ. ಬೆಳಗಿನ ತಂಪಿನಲ್ಲಿ ಘಾಟಿ ಹತ್ತುತ್ತೀರಿ. ಹತ್ತೂವರೆಯೊಳಗೆ ಊರು ಸೇರಿ ಅಕ್ಕಿರೊಟ್ಟಿಯೋ ಕಡುಬೋ ತಿಂದು, ಕಾಫಿ ಕುಡಿದು, ಆಟೋದಲ್ಲಿ ಸ್ಟೇಷನ್‌ಗೆ ಹೋಗಿ. ಮಂಜರಾಬಾದ್ ಕೋಟೆ ಹತ್ತಿರವೇ ಇದೆಯಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೋಟೆ ಚೆಂದವೇ, ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರದಾಕಾರದ ಕೋಟೆ. ಆದರೆ ಮೆಟ್ಟಿಲು ತುಂಬ ಇವೆ. ರೈಲಿನ ದಿನ ಅದರ ಆಸೆ ಬಿಡಿ.

ಇಳಿಯುವ ರೈಲು ಸಂಜೆಗೆಲ್ಲ ನಿಮ್ಮನ್ನು ಮಂಗಳೂರು ಜಂಕ್ಷನ್‌ಗೆ ತಂದು ಬಿಡುತ್ತದೆ. ಒಂದು ಗಂಟೆ ತಡವಾದರೂ ಚಿಂತೆಯಿಲ್ಲ, ಮನೆ ಕಡೆಗೇ ಬರುತ್ತಿರುತ್ತೀರಿ.

ಈಗ ಘಾಟಿಯ ವಿಷಯ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್. ಇಷ್ಟರೊಳಗೆ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ನಮ್ಮ ಕರಾವಳಿಯ ಬುಡಕ್ಕೆ ರೈಲು ಇಳಿಯಬೇಕು. ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ರಸ್ತೆಗೆ ಇದು ಏನೂ ಅಲ್ಲ. ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ ಉರುಳುವಾಗ, ಅದೂ ನೂರಾರು ಟನ್ ಭಾರ ಹೊತ್ತು, ಇದು ಭಾರೀ ಇಳಿಜಾರು. ಅದಕ್ಕೇ ಘಾಟಿಯಲ್ಲಿ ವೇಗ ಗಂಟೆಗೆ 30 ಕಿಲೋಮೀಟರ್ ಮೀರುವುದಿಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ನೀವು ಕಾಡಿನೊಳಗೇ ಇರುತ್ತೀರಿ. ನಿಧಾನ ಅಂತ ಬೇಸರ ಮಾಡಬೇಡಿ, ಈ ನಿಧಾನಕ್ಕೆಂದೇ ಹೋಗುತ್ತಿರುವುದು.

ಮಕ್ಕಳಿಗೆ ಹೇಳಲು ಒಂದೆರಡು ಸಂಗತಿ ಕೊಡುತ್ತೇನೆ. ಇಳಿಯುವಾಗ ಬರೀ ಬ್ರೇಕ್ ಒತ್ತಿಕೊಂಡೇ ಹೋದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕಾಗಿ ಎಂಜಿನ್ನಿನಲ್ಲಿ ಬೇರೆ ಉಪಾಯ ಇದೆ. ಚಕ್ರ ತಿರುಗಿಸುವ ಮೋಟರುಗಳೇ ಇಳಿಜಾರಿನಲ್ಲಿ ವಿದ್ಯುತ್ ಹುಟ್ಟಿಸುವ ಜನರೇಟರ್ ಆಗುತ್ತವೆ. ಆ ಕೆಲಸಕ್ಕೆ ಬೇಕಾದ ಬಲವನ್ನು ಚಕ್ರದಿಂದ ಎಳೆದುಕೊಂಡು ರೈಲನ್ನು ಹಿಡಿದಿಡುತ್ತವೆ. ಇದನ್ನು ಡೈನಾಮಿಕ್ ಬ್ರೇಕ್ ಅನ್ನುತ್ತಾರೆ. ಎದುರಿನಿಂದ ಹತ್ತಿ ಬರುವ ರೈಲು ಸಿಕ್ಕಿದರೆ ಅದರ ಹಿಂದಿನ ತುದಿಯನ್ನು ನೋಡಲು ಹೇಳಿ. ಗಾಡಿಯನ್ನು ಹಿಂದಿನಿಂದ ನೂಕುವ ಎಂಜಿನ್ ಇರುತ್ತದೆ. ಅದು ಬ್ಯಾಂಕರ್. ಘಾಟಿ ಹತ್ತಿಸಿಕೊಡುವುದೇ ಅದರ ಕೆಲಸ.

ಇನ್ನೊಂದು, ಘಾಟಿಯ ನಿಲ್ದಾಣಗಳ ಹತ್ತಿರ ಮುಖ್ಯ ಹಳಿಯಿಂದ ಕವಲೊಡೆದು ಏರಿಗೆ ಹೋಗಿ ಸುಮ್ನೆ ನಿಂತುಬಿಡುವ ಹಳಿ ಕಾಣುತ್ತದೆ. ಎಲ್ಲಿಗೂ ಹೋಗದ ಹಳಿ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಅದು ಕ್ಯಾಚ್ ಸೈಡಿಂಗ್. ಬ್ರೇಕ್ ತಪ್ಪಿ ಗಾಡಿ ಓಡಿ ಬಂದರೆ ಅದನ್ನು ಆ ಏರಿಗೆ ತಿರುಗಿಸುತ್ತಾರೆ, ಏರು ಹತ್ತುತ್ತಾ ಅದು ತಾನಾಗಿ ನಿಲ್ಲುತ್ತದೆ. ಇದನ್ನು ನೋಡಿದ ಮೇಲೆ ಅಮ್ಮನಿಗೂ ಧೈರ್ಯ ಬರುತ್ತದೆ.

ಈ ಹಳಿಗೆ ಚಿಕ್ಕದಲ್ಲದ ಕಥೆ ಇದೆ. ಹಾಸನ–ಮಂಗಳೂರು ಮಾರ್ಗ ಪೂರ್ತಿಯಾದದ್ದು 1979ರಲ್ಲಿ, ಆಗ ಮೀಟರ್ ಗೇಜ್, ಅಂದರೆ ಕಿರಿದಾದ ಹಳಿ. ಈಗಿನ ಅಗಲ ಹಳಿ, ಅಂದರೆ ಬ್ರಾಡ್ ಗೇಜ್ ಮಾಡುತ್ತೇವೆಂದು 1996ರಲ್ಲಿ ರೈಲು ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ನಮ್ಮ ಜಿಲ್ಲೆಯವರಿಗೆ ಬೆಂಗಳೂರಿಗೆ ಈ ದಾರಿಯಲ್ಲಿ ರೈಲೇ ಇರಲಿಲ್ಲ. ಒಂದು ತಲೆಮಾರಿನ ಮಕ್ಕಳು ಈ ಘಾಟಿ ನೋಡದೆಯೇ ಬೆಳೆದರು. ನಿಮ್ಮ ಅಮ್ಮ ಮೀಟರ್ ಗೇಜ್ ಕಾಲದಲ್ಲಿ ಹೋಗಿರಲೂಬಹುದು, ಕೇಳಿ ನೋಡಿ.

ಗಾಜಿನ ಬೋಗಿ, ಅಂದರೆ ವಿಸ್ಟಾಡೋಮ್. ಈ ಮಾರ್ಗಕ್ಕೆ ಬಂದದ್ದು 2021ರ ಜುಲೈನಲ್ಲಿ. 44 ಸೀಟು, ದೊಡ್ಡ ಕಿಟಕಿ, ಗಾಜಿನ ಮಾಡು, ತಿರುಗುವ ಕುರ್ಚಿ, ಎ.ಸಿ. ಅಮ್ಮನಿಗೆ ಕುರ್ಚಿ ಆರಾಮ, ಅದಂತೂ ನಿಜ. ಆದರೆ ನನ್ನನ್ನು ಕೇಳಿದರೆ ಈ ಘಾಟಿಗೆ ಅದು ಕಡ್ಡಾಯವೇನಲ್ಲ. ಇಲ್ಲಿನ ನೋಟ ತಲೆಯ ಮೇಲೆ ಇಲ್ಲ, ಪಕ್ಕದಲ್ಲಿ ಮತ್ತು ಕೆಳಗಡೆ ಇದೆ. ಮಾಡಿನಲ್ಲಿ ಕಾಣುವುದು ಮರದ ತುದಿ, ಸುರಂಗದ ಕತ್ತಲು. ಮಳೆ ಬಂದರೆ ಗಾಜಿನ ಮೇಲೆ ನೀರಿನ ಪರದೆ. ಕಿಟಕಿ ತೆರೆಯಲು ಬರುವುದಿಲ್ಲವಾದ್ದರಿಂದ ಕಾಡಿನ ಗಾಳಿ ಒಳಗೆ ಬರುವುದಿಲ್ಲ, ಝರಿಯ ಸದ್ದು ಕೇಳುವುದಿಲ್ಲ. ಫೋಟೋ ತೆಗೆದರೆ ಒಳಗಿನ ಲೈಟು ಗಾಜಿನಲ್ಲಿ ಹೊಳೆಯುತ್ತದೆ.

ಸೆಕೆಂಡ್ ಸಿಟ್ಟಿಂಗ್, ಅಂದರೆ ಎ.ಸಿ. ಇಲ್ಲದ ಸಾದಾ ಸೀಟಿನ ಬೋಗಿಯ ಕಿಟಕಿ ಪಕ್ಕ ಕುಳಿತರೆ ಬೇರೆಯೇ ಲೋಕ. ಸುರಂಗ ಹೊಕ್ಕ ಕೂಡಲೇ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ. ಬೋಗಿಯ ದೀಪದ ಬೆಳಕು ಬಂಡೆ ಗೋಡೆ ಮೇಲೆ ಓಡುತ್ತದೆ. ಬಂಡೆ ಕಡಿದ ಗುರುತು, ಅದರ ಸಂದಿನಿಂದ ಜಿನುಗುವ ನೀರು, ಒದ್ದೆ ಕಲ್ಲಿನ ವಾಸನೆ, ಚಕ್ರದ ಸದ್ದು ನಾಲ್ಕು ಪಟ್ಟು. ಮಕ್ಕಳೆಲ್ಲ ಕೂಗುತ್ತಾರೆ, ಪಕ್ಕದ ಬೋಗಿಯ ಕಾಲೇಜು ಹುಡುಗರೂ ಕೂಗುತ್ತಾರೆ. ಸುರಂಗ ಮುಗಿದು ಬೆಳಕು ಬಂತು ಅನ್ನುವಷ್ಟರಲ್ಲಿ ಸೇತುವೆ. ಕೆಳಗೆ ನೋಡಿದರೆ ಮರಗಳ ನೆತ್ತಿ, ಅದರ ಅಡಿಯಲ್ಲಿ ಎಲ್ಲೋ ಬಿಳಿ ನೊರೆ. ನಾಲ್ಕು ಗಳಿಗೆಯಲ್ಲಿ ಮತ್ತೆ ಸುರಂಗ. ಒಂದೆರಡು ಸುರಂಗ ಆದಮೇಲೆ ಮಗ ಎಣಿಸಲು ಶುರು ಮಾಡುತ್ತಾನೆ. ಕಾಗದ ಪೆನ್ನು ಕೊಡಿ, ಬಾಯಲ್ಲಿ ಎಣಿಸಿದರೆ ಇಪ್ಪತ್ತರ ಹೊತ್ತಿಗೆ ಖಂಡಿತ ತಪ್ಪುತ್ತದೆ.

ಅಮ್ಮನಿಗೆ ಗಾಳಿ, ಥಂಡಿ ಆಗುವುದಿಲ್ಲ ಅಂತಿದ್ದರೆ ವಿಸ್ಟಾಡೋಮ್ ಮಾಡಿ, ತಪ್ಪಿಲ್ಲ. ಇಲ್ಲದಿದ್ದರೆ ಆ ದುಡ್ಡು ಉಳಿಸಿ.

ಯಾವ ಪಕ್ಕ? ಹಳಿ ಬೆಟ್ಟ ಸುತ್ತಿಕೊಂಡು ಹೋಗುವುದರಿಂದ ಎರಡೂ ಪಕ್ಕಕ್ಕೆ ಪಾಲು ಇದೆ. ಆದರೆ ಕೆಂಪುಹೊಳೆಯ ಕಣಿವೆ ಮತ್ತು ಅದರಾಚೆಯ ಶಿರಾಡಿ ಹೆದ್ದಾರಿ ಹಳಿಗೆ ಉತ್ತರದಲ್ಲಿವೆ. ಹಾಗಾಗಿ ಇಳಿದು ಬರುವಾಗ ಬಲಗಡೆ ಕುಳಿತವರಿಗೆ ಕಣಿವೆ ಜಾಸ್ತಿ ಹೊತ್ತು ಸಿಗುತ್ತದೆ. ಮಂಗಳೂರಿನಿಂದ ಹತ್ತುವವರಿಗೆ ಅದೇ ಎಡಗಡೆ. ಎಡಗಡೆ ಸೀಟು ಸಿಕ್ಕಿತು ಅಂತ ಮುಖ ಸಣ್ಣ ಮಾಡಬೇಡಿ. ಬೆಟ್ಟದ ಪಕ್ಕವೇ ಝರಿಗಳ ಪಕ್ಕ. ಮಳೆ ಮುಗಿದ ತಿಂಗಳಲ್ಲಿ ಕಿಟಕಿಯಿಂದ ಕೈಯಳತೆಯ ದೂರದಲ್ಲಿ ನೀರು ಬಂಡೆ ಮೇಲಿಂದ ಇಳಿದು ಹಳಿ ಪಕ್ಕದ ಚರಂಡಿಗೆ ಬೀಳುವುದು ಕಾಣುತ್ತದೆ.

ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. ಘಾಟಿಯ ನಿಲ್ದಾಣಗಳು ಇವು. ಎಡಕುಮೇರಿ ನಡುಕಾಡಿನಲ್ಲಿದೆ, ಊರಿಲ್ಲ, ಅಂಗಡಿಯಿಲ್ಲ. ಇಡೀ ಘಾಟಿಗೆ ಒಂದೇ ಹಳಿ. ಆದ್ದರಿಂದ ಎದುರು ಬದುರು ಬರುವ ರೈಲುಗಳು ಇಂಥ ನಿಲ್ದಾಣದಲ್ಲೇ ಒಂದಕ್ಕೊಂದು ದಾರಿ ಬಿಡಬೇಕು. ನಿಮ್ಮ ಗಾಡಿಗೆ ಅಲ್ಲಿ ಕ್ರಾಸಿಂಗ್ ಬಿದ್ದರೆ ಅದು ಅದೃಷ್ಟ ಅಂತಲೇ ತಿಳಿಯಿರಿ. ಎಂಜಿನ್ ಸದ್ದು ಅಡಗಿದ ಮೇಲೆ ಜೀರುಂಡೆಗಳ ಸದ್ದು ಒಮ್ಮೆಲೇ ಕಿವಿಗೆ ಬೀಳುತ್ತದೆ. ಸುತ್ತ ನಾಲ್ಕೂ ಕಡೆ ಹಸಿರು ಗೋಡೆ. ಸ್ಟೇಷನ್ ಮಾಸ್ತರ್ ಬಾವುಟ ಹಿಡಿದು ಹೊರಗೆ ಬಂದು ನಿಲ್ಲುತ್ತಾರೆ. ಮಳೆಯಲ್ಲಿ, ಕತ್ತಲಲ್ಲಿ, ಆನೆ ಓಡಾಡುವ ಕಾಡಿನಲ್ಲಿ ಅವರೂ ಹಳಿ ಕಾಯುವ ಗ್ಯಾಂಗಿನವರೂ ಇರುವುದರಿಂದಲೇ ನಾವು ಕಿಟಕಿ ಪಕ್ಕ ಕುಳಿತು ಚುರುಮುರಿ ತಿನ್ನಲು ಆಗುವುದು. ಮಕ್ಕಳಿಗೆ ಇದನ್ನೂ ತೋರಿಸಿ.

ಅಲ್ಲಿ ಇಳಿಯಬೇಡಿ. ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಯಾರೂ ಹೇಳಲಾರರು. ಮೊದಲು ಈ ಹಳಿ ಮೇಲೆ ಚಾರಣ ಮಾಡುತ್ತಿದ್ದರು, ಈಗಲೂ ಕೆಲವರು ಅದನ್ನು ಹೇಳಿ ಆಸೆ ಹುಟ್ಟಿಸುತ್ತಾರೆ. ಅದಕ್ಕೆ ಅನುಮತಿ ಇಲ್ಲ. ಹಳಿ ಮೇಲೆ ಅತಿಕ್ರಮವಾಗಿ ನಡೆದರೆ 1989ರ ರೈಲ್ವೆ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ ಇದೆ. ಕಾನೂನು ಹಾಗಿರಲಿ, ಸುರಂಗದೊಳಗೆ ಇರುವಾಗ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗ ಸಿಗುವುದೇ ಕಷ್ಟ.

ಬಾಗಿಲ ಬಳಿ ನಿಲ್ಲುವ ವಿಷಯವೂ ಅಷ್ಟೇ. ಬಂಡೆ ಗೋಡೆಗಳು ಬೋಗಿಗೆ ತೀರಾ ಹತ್ತಿರ, ತಿರುವಿನಲ್ಲಿ ಇನ್ನೂ ಹತ್ತಿರ. ಕೈ, ತಲೆ, ಸೆಲ್ಫಿ ಸ್ಟಿಕ್ ಯಾವುದೂ ಹೊರಗೆ ಹೋಗಬಾರದು. ರೈಲಿನ ವಿದ್ಯುತ್ ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ಮಗನನ್ನು ಕಿಟಕಿ ಪಕ್ಕ ಕೂರಿಸಿ, ಮಗಳಿಗೂ ಒಂದು ಕಿಟಕಿ ಸಿಗುವಂತೆ ಟಿಕೆಟ್ ಮಾಡುವಾಗಲೇ ನೋಡಿಕೊಳ್ಳಿ. ಒಂದೇ ಕಿಟಕಿಗೆ ಇಬ್ಬರು ಮಕ್ಕಳಾದರೆ ಎರಡು ಗಂಟೆಯೂ ಜಗಳ ಬಿಡಿಸುವುದೇ ಆಗುತ್ತದೆ.

ಇನ್ನು ತಿಂಗಳು. ಜೂನ್, ಜುಲೈ, ಆಗಸ್ಟ್ ಮೊದಲ ಭಾಗ ಬೇಡ. ಮಳೆಯಲ್ಲಿ ಘಾಟಿ ಚೆಂದ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಗಾಢ ಮಂಜು ಕವಿದರೆ ಎರಡು ಗಂಟೆಯೂ ಬಿಳಿ ಗೋಡೆ ನೋಡಿಕೊಂಡು ಬರಬೇಕು. ಅದಕ್ಕಿಂತ ದೊಡ್ಡ ವಿಷಯ ಗುಡ್ಡ ಕುಸಿತ. 2018ರ ಆಗಸ್ಟಿನಲ್ಲಿ ಎಷ್ಟೋ ಕಡೆ ಗುಡ್ಡ ಜರಿದು ಈ ಮಾರ್ಗ ವಾರಗಟ್ಟಲೆ ಮುಚ್ಚಿತ್ತು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಕುಸಿದು ಮತ್ತೆ ರೈಲು ನಿಂತಿತು. ಅದೇ ತಿಂಗಳು ಶಿರಾಡಿ ಹೆದ್ದಾರಿಯಲ್ಲೂ ದೊಡ್ಡತಪ್ಲು ಬಳಿ ಗುಡ್ಡ ಜರಿಯಿತು. ಅಂದರೆ ಬಸ್ಸೂ ಇಲ್ಲ, ರೈಲೂ ಇಲ್ಲ. ವಯಸ್ಸಾದವರನ್ನು, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಿ ಸಕಲೇಶಪುರದಲ್ಲಿ ಸಿಕ್ಕಿಹಾಕಿಕೊಳ್ಳುವುದು ಯಾಕೆ? ಕಡಿದ ಇಳಿಜಾರು, ಅದರ ಮೇಲೆ ಸಡಿಲ ಮಣ್ಣು, ಮಣ್ಣಿನಡಿ ಬಂಡೆ. ನೀರು ಇಂಗಿ ಬಂಡೆ ಮೇಲೆ ಮಣ್ಣು ಜಾರುತ್ತದೆ. ಮಳೆ ಜೋರಾದ ದಿನಗಳಲ್ಲಿ ಹಳಿಯ ಮೇಲೆ ಗಸ್ತು ಇರುತ್ತದೆ, ಅಪಾಯ ಕಂಡರೆ ಗಾಡಿ ನಿಲ್ಲಿಸುತ್ತಾರೆ. ಹಾಗಾಗಿ ಜೀವಭಯಕ್ಕಿಂತ ನಡುದಾರಿಯಲ್ಲಿ ನಿಲ್ಲುವ ಕಷ್ಟವೇ ದೊಡ್ಡದು.

ನಿಮಗೆ ಹೇಳಿ ಮಾಡಿಸಿದ ಸಮಯ ದಸರಾ ರಜೆ. ಮಳೆ ಇಳಿಮುಖ, ಝರಿಗಳಲ್ಲಿ ಇನ್ನೂ ನೀರು, ಬೆಟ್ಟದ ಹುಲ್ಲು ಹಸಿರು, ಮಕ್ಕಳಿಗೂ ಶಾಲೆ ಇಲ್ಲ. ನವೆಂಬರ್ ಪೂರ್ತಿ ಚೆನ್ನಾಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ನೀರು ಕಡಿಮೆಯಾದರೂ ದೂರದ ಬೆಟ್ಟಗಳು ಸ್ಪಷ್ಟವಾಗಿ ಕಾಣುತ್ತವೆ. ಬೇಸಿಗೆಯಲ್ಲಿ ಒಂದೇ ಒಂದು ಆಕರ್ಷಣೆ: ಮೊದಲ ಮಳೆ ಬಿದ್ದು ಕೆಲವೇ ದಿನಕ್ಕೆ ಸಕಲೇಶಪುರದ ಸುತ್ತ ಕಾಫಿ ಗಿಡಗಳು ಬೆಳ್ಳಗೆ ಹೂ ಬಿಡುತ್ತವೆ. ಅದನ್ನು ಲೆಕ್ಕ ಹಾಕಿ ಹೋಗಲು ಆಗುವುದಿಲ್ಲ, ಸಿಕ್ಕರೆ ಸಿಕ್ಕಿತು.

ಟಿಕೆಟ್ಟಿಗೆ ಬರೋಣ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ದಸರಾ ರಜೆಗೆ ಹೋಗುವುದಾದರೆ ಅದೇ ದಿನ ಕುಳಿತು ಮಾಡಿ. ಇಳಿಯುವ ಹಗಲು ರೈಲುಗಳು ಮೂರು ಹೆಸರಿನಲ್ಲಿವೆ: ಯಶವಂತಪುರ–ಮಂಗಳೂರು ಜಂಕ್ಷನ್ ಗೋಮಟೇಶ್ವರ ಎಕ್ಸ್‌ಪ್ರೆಸ್, ಯಶವಂತಪುರ–ಕಾರವಾರ ಎಕ್ಸ್‌ಪ್ರೆಸ್, ಶನಿವಾರದ ವಾರಕ್ಕೊಂದು ಗಾಡಿ. ಮೊದಲೆರಡು ವಾರಕ್ಕೆ ಮೂರು ಮೂರು ದಿನ ಓಡುತ್ತವೆ. 2025ರಲ್ಲಿ ಘಾಟಿಯ ವಿದ್ಯುದೀಕರಣದ ಕೆಲಸಕ್ಕೆಂದು ಹಗಲು ರೈಲುಗಳನ್ನು ತಿಂಗಳುಗಟ್ಟಲೆ ರದ್ದು ಮಾಡಿದ್ದರು. ಆದ್ದರಿಂದ ವಾರ, ಹೊತ್ತು ಎರಡನ್ನೂ ಟಿಕೆಟ್ ಮಾಡುವಾಗ ಒಮ್ಮೆ, ಹೊರಡುವ ಹಿಂದಿನ ರಾತ್ರಿ ಇನ್ನೊಮ್ಮೆ ನೋಡಿಕೊಳ್ಳಿ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಇದೇ ಘಾಟಿಯಲ್ಲಿ ಬರುತ್ತದೆ, ಆದರೆ ರಾತ್ರಿ ಗಾಡಿ. ನಿದ್ದೆ ಮಾಡಲು ಒಳ್ಳೆಯದು.

ಇಲ್ಲೊಂದು ಎಚ್ಚರಿಕೆ. ಮಂಗಳೂರು ಸೆಂಟ್ರಲ್‌ನಿಂದ ಸುಬ್ರಹ್ಮಣ್ಯ ರೋಡ್‌ಗೆ ಪ್ಯಾಸೆಂಜರ್ ರೈಲು ಇದೆ. ಟಿಕೆಟ್ ಅಗ್ಗ, ಸುಲಭ. ಅದರಲ್ಲಿ ಹೋಗಿ ಬಂದು "ಘಾಟಿ ಏನೂ ಇಲ್ಲಪ್ಪ" ಎನ್ನುವವರನ್ನು ಕಂಡಿದ್ದೇನೆ. ಘಾಟಿ ಶುರುವಾಗುವುದೇ ಸುಬ್ರಹ್ಮಣ್ಯ ರೋಡ್ ಆದ ಮೇಲೆ. ಆ ಪ್ಯಾಸೆಂಜರ್ ಕುಕ್ಕೆಗೆ ಹೋಗುವ ಭಕ್ತರಿಗೆ ವರದಾನ, ಘಾಟಿ ನೋಡುವವರಿಗೆ ಅಲ್ಲ.

ಉಡುಪಿ ಕಡೆಯವರು ಇದನ್ನು ಓದುತ್ತಿದ್ದರೆ ನಿಮಗೆ ಕಾರವಾರದ ಗಾಡಿಯೇ ಸರಿ, ಸಕಲೇಶಪುರದಲ್ಲಿ ಹತ್ತಿದರೆ ಉಡುಪಿಯಲ್ಲೇ ಇಳಿಯಬಹುದು. ಆದರೆ ಬೆಳಗಿನ ಬಸ್ಸು ಇನ್ನೂ ಒಂದೂವರೆ ಗಂಟೆ ಜಾಸ್ತಿ. ಹಿರಿಯರಿದ್ದರೆ ಹಿಂದಿನ ದಿನ ಸಕಲೇಶಪುರದಲ್ಲಿ ಉಳಿದುಕೊಳ್ಳಿ. ಕೊಂಕಣ ರೈಲ್ವೆಯಲ್ಲೇ ಒಂದು ದಿನ ತಿರುಗಿ ಬಂದರೆ ಸಾಕು ಅನ್ನುವವರಿಗೆ ಹೊನ್ನಾವರದ ಶರಾವತಿ ಸೇತುವೆ ಇದೆ, ಎರಡು ಕಿಲೋಮೀಟರಿಗೂ ಉದ್ದ. ಅದು ನದಿ, ಗದ್ದೆ, ಸಮುದ್ರದ ಅಂಚಿನ ದಾರಿ. ಬೆಟ್ಟ ಹತ್ತಿ ಇಳಿಯುವ ದಾರಿ ಅಲ್ಲ.

ಊಟ ಕಟ್ಟಿಕೊಂಡೇ ಹೋಗಿ. ಸಕಲೇಶಪುರ ಬಿಟ್ಟ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗೆ ಪ್ಲಾಟ್‌ಫಾರ್ಮಿನಲ್ಲಿ ಏನೂ ಸಿಗುವುದಿಲ್ಲ. ವಡೆ, ಚಹಾ ಮಾರುವವರು ಗಾಡಿಯೊಳಗೆ ಬರುತ್ತಾರೆ, ಆದರೆ ನಂಬಿ ಕೂರಬೇಡಿ. ಮನೆಯಲ್ಲಿ ಮಾಡಿದ ಬನ್ಸ್ ಒಳ್ಳೆಯದು, ಸಂಜೆವರೆಗೂ ಮೆತ್ತಗಿರುತ್ತದೆ, ಕೈಗೆ ಅಂಟುವುದಿಲ್ಲ. ಅಮ್ಮನ ಮಾತ್ರೆ, ಒಂದು ಶಾಲು, ಕುಡಿಯುವ ನೀರು. ತಿಂದ ಪ್ಲಾಸ್ಟಿಕ್ ಎಲ್ಲ ಒಂದು ಚೀಲಕ್ಕೆ ಹಾಕಿ ಮನೆಗೇ ತನ್ನಿ. ಕಿಟಕಿಯಿಂದ ಎಸೆದ ಚಿಪ್ಸ್ ಪ್ಯಾಕೆಟ್ ಕಣಿವೆಯ ಹೊಳೆಗೇ ಸೇರುತ್ತದೆ. ಆ ಹೊಳೆ ಕುಮಾರಧಾರೆ ಸೇರಿ ನೇತ್ರಾವತಿಗೆ ಬರುತ್ತದೆ. ಮಂಗಳೂರಿನಲ್ಲಿ ನಾವು ಕುಡಿಯುವುದು ಅದೇ ನೀರು. ದೋಣಿಗಲ್ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಸ್ಟೇಷನ್‌ಗೆ ಕರೆದೊಯ್ಯಲು ಬರುವವರಿಗೆ ಮೊದಲೇ ಫೋನ್ ಮಾಡಿಬಿಡಿ.

ಸುಬ್ರಹ್ಮಣ್ಯ ರೋಡ್ ಬಂದ ಕೂಡಲೇ ಬೋಗಿಯಲ್ಲಿ ಎಲ್ಲರೂ ಮಲಗುತ್ತಾರೆ. ಎಡಮಂಗಲ, ಕಾಣಿಯೂರು, ಕಬಕ ಪುತ್ತೂರು. ಅಡಿಕೆ ತೋಟ, ರಬ್ಬರು, ಕೆಂಪು ಮಣ್ಣಿನ ಅಂಗಳ, ಗೋರಂಟಿ ಬೇಲಿ. ನಮಗೆ ದಿನಾ ಕಾಣುವುದೇ ಆದರೂ ಘಾಟಿ ಇಳಿದು ಬಂದ ಮೇಲೆ ಸೆಕೆಯ ಜೊತೆಗೆ ಇದನ್ನು ನೋಡುವುದು ಬೇರೆಯೇ. ಬಂಟ್ವಾಳ ಬರುವ ಮೊದಲು ನೇತ್ರಾವತಿ ದಾಟುವಾಗ ಮಕ್ಕಳನ್ನು ಎಬ್ಬಿಸಿ. ಗಾಡಿ ಗೋಮಟೇಶ್ವರ ಆದರೆ ಕೊನೆಯ ನಿಲ್ದಾಣ ಮಂಗಳೂರು ಜಂಕ್ಷನ್, ಅಂದರೆ ನಮ್ಮ ಪಡೀಲ್ ಪಕ್ಕದ ಸ್ಟೇಷನ್. ಸೆಂಟ್ರಲ್‌ಗೆ ಬರುವುದಿಲ್ಲ. ಕರೆದೊಯ್ಯಲು ಬರುವವರಿಗೆ ಇದನ್ನೂ ಹೇಳಿಡಿ, ಎಷ್ಟೋ ಮಂದಿ ಅಲ್ಲಿ ಹೋಗಿ ಕಾಯುತ್ತಾರೆ.